ಕೆಂಗೂದಲಿನವರಿಗೆ ‘ಬ್ಲೂ’ ಅಂತ ಯಾಕೆ ಹೆಸರು?

ಮಂಜು_ಮೆಲ್ಬರ್ನ್
ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಮೆಲ್ಬರ್ನಿಗೆ ಬಂದು ಏಳು ತಿಂಗಳಾಯ್ತು. ಒಂದು ಗೋದಾಮಿನಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಪಾಳಿ ಶುರು. ಒಳಗೆ ಕಾಲಿಟ್ಟ ತಕ್ಷಣ ಗೋಡೆ ಮೇಲಿನ ಬಿಳಿ ಬೋರ್ಡು ನೋಡ್ಬೇಕು, ಯಾರ್ಯಾರು ಯಾವ ಬಾಗಿಲಿಗೆ ಅಂತ ಅಲ್ಲಿ ಬರೆದಿರ್ತಾರೆ. ಹೋದ ವಾರ ನನ್ನ ಹೆಸರಿನ ಮುಂದೆ ‘ಬಾಗಿಲು 4, ಬ್ಲೂ’ ಅಂತಿತ್ತು. ನೀಲಿ ಲಾರಿ ಬರುತ್ತೆ ಅಂತ ಕಾದೆ. ಬಂದದ್ದು ಒಬ್ಬ ಮನುಷ್ಯ. ತಲೆಗೂದಲು, ಗಡ್ಡ, ಹುಬ್ಬು ಎಲ್ಲ ಕೆಂಪು, ನಮ್ಮ ಕಡೆ ಹೊಸ ತೆಂಗಿನ ನಾರು ಇರುತ್ತಲ್ಲ, ಆ ಬಣ್ಣ. ಬ್ಲೂ ಅಂದ್ರೆ ಅವರೇ, ನಮ್ಮ ಹೊಸ ಟೀಮ್ ಲೀಡರ್.

ಅವತ್ತೇ ಒಂದು ಪ್ಯಾಲೆಟ್ ಸರಕು ತಪ್ಪು ಲಾರಿಗೆ ಹೋಯ್ತು. ಅವರು ಎಲ್ಲರ ಎದುರೇ ‘ನಾನೊಂದು ಬ್ಲೂ ಮಾಡಿಬಿಟ್ಟೆ’ ಅಂದ್ರು. ಊಟದ ಹೊತ್ತಲ್ಲಿ ಇನ್ನೊಬ್ಬ ‘ಶನಿವಾರ ಪಬ್ಬಲ್ಲಿ ದೊಡ್ಡ ಬ್ಲೂ ಆಯ್ತು’ ಅಂದ. ನಮ್ಮೂರಲ್ಲಿ ಬ್ಲೂ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತು. ಎರಡು ಸಲಾನೂ ಎದೆ ಧಸಕ್ ಅಂತು, ಕೇಳೋಕೆ ಬಾಯಿ ಬರಲಿಲ್ಲ.

ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ ಬಂತು? ಅದಕ್ಕಿಂತ ಮುಖ್ಯವಾಗಿ, ನಾನು ಅವರನ್ನ ಬ್ಲೂ ಅಂತ ಕರೀಬಹುದಾ? ವಯಸ್ಸಲ್ಲಿ ನಮ್ಮಪ್ಪನಷ್ಟು ದೊಡ್ಡವರು. ನಾಲಿಗೆ ಏಳ್ತಿಲ್ಲ.

ಗಣಪ_ಶಿರಸಿ
ಆಸ್ಟ್ರೇಲಿಯಾದಲ್ಲಿ ಬ್ಲೂ ಅಂದ್ರೆ ಜಗಳ. ಬ್ಲೂ ಅಂದ್ರೆ ತಪ್ಪು. ಬ್ಲೂ ಅಂದ್ರೆ ಕೆಂಗೂದಲಿನವ. ಮೂರೂ ಸರಿ. ಹೆದರ್ಕೋಬೇಡಿ ಮಾರಾಯ್ರೆ.

ಶಿವು_ಮಂಡ್ಯ
ಕೆಂಪು ಕೂದಲಿನವರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಬಿಳಿಯರಲ್ಲಿ ಒಂದು ನಂಬಿಕೆ ಇದೆ ಗುರು. ಜಗಳಕ್ಕೆ ಬ್ಲೂ, ಜಗಳ ಮಾಡೋನಿಗೆ ಬ್ಲೂ. ಇಷ್ಟೇ ಕಥೆ.

ಮೇಷ್ಟ್ರು_ನಂಜನಗೂಡು
ಶಿವು, ಹಾಗೆ ಹೇಳೋರೂ ಇದ್ದಾರೆ, ಆದ್ರೆ ಹೆಚ್ಚು ಜನ ಒಪ್ಪೋದು ಬೇರೆ ವಿವರಣೆ. ಆಸ್ಟ್ರೇಲಿಯನ್ನರಿಗೆ ಉಲ್ಟಾ ಹೆಸರಿಡೋ ಚಾಳಿ. ಆರಡಿ ಆಳು ‘ಟೈನಿ’, ಅಂದ್ರೆ ಪುಟಾಣಿ. ಬೋಳುತಲೆಯವ ‘ಕರ್ಲಿ’, ಅಂದ್ರೆ ಗುಂಗುರು ಕೂದಲಿನವ. ಹಾಗೇ ಕೆಂಪು ತಲೆಯವ ‘ಬ್ಲೂ’, ಇನ್ನೂ ಸಲಿಗೆ ಇದ್ರೆ ‘ಬ್ಲೂಯಿ’. ನಮ್ಮಲ್ಲಿ ಕಡ್ಡಿ ಹಾಗಿರೋ ಹುಡುಗನಿಗೆ ಗುಂಡ ಅನ್ನಲ್ವಾ?

ಬ್ಲೂಯಿ ಅನ್ನೋದಕ್ಕೂ ಅಲ್ಲಿ ಒಂದು ಸಂಸಾರವೇ ಇದೆ. 19ನೇ ಶತಮಾನದ ಕೊನೆಯಲ್ಲಿ ಕೆಲಸ ಹುಡುಕಿಕೊಂಡು ಊರೂರು ನಡೆಯುತ್ತಿದ್ದ ಕೂಲಿಗಳು ಬಟ್ಟೆಬರೆಯನ್ನೆಲ್ಲ ನೀಲಿ ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕ್ಕೊಳ್ತಿದ್ರು. ಆ ಗಂಟೇ ಬ್ಲೂಯಿ. ನೀಲಿ ಕಾಗದದಲ್ಲಿ ಬರುತ್ತಿದ್ದ ಕೋರ್ಟಿನ ಸಮನ್ಸೂ ಬ್ಲೂಯಿ. ದನ ಕಾಯೋ ನೀಲಿ-ಬೂದು ತಳಿಯ ನಾಯಿಯೂ ಬ್ಲೂಯಿ. ಮನೇಲಿ ಮಕ್ಕಳಿದ್ರೆ ‘ಬ್ಲೂಯಿ’ ಅನ್ನೋ ಆ ನೀಲಿ ನಾಯಿಮರಿ ಕಾರ್ಟೂನ್ ನೋಡೇ ಇರ್ತಾರೆ.

ಶಾರದಕ್ಕ
ನಮ್ಮ ಮೊಮ್ಮಗಳು ದಿನಾ ಅದನ್ನೇ ನೋಡೋದು! ಅದು ನಾಯಿಯ ಹೆಸರು ಅಷ್ಟೇ ಅಂದ್ಕೊಂಡಿದ್ದೆ, ಹಿಂದೆ ಇಷ್ಟೊಂದು ಇದೆಯಾ?

ಧಾರವಾಡ_ಕಬಡ್ಡಿ
ಬ್ಲೂ ಅಂದ್ರ ಎಲ್ಲಾರೂ ಹೊಲಸ ಅರ್ಥಕ್ಕ ಹೋಗ್ತೀರಲ್ರಿ. ನಮ್ಮ ಕಡೆ ಕಾಲೇಜಿನ್ಯಾಗ ಬ್ಲೂ ಅಂದ್ರ ಎದಿ ಉಬ್ಬಿಸ್ಕೊಂಡು ಹೇಳೂ ಮಾತು. ಯೂನಿವರ್ಸಿಟಿ ತಂಡದಾಗ ಆಡಿದಾಂವ ‘ಯೂನಿವರ್ಸಿಟಿ ಬ್ಲೂ’. ನಾ ಕಬಡ್ಡಿಯೊಳಗ ಎರಡ ವರ್ಷ ಬ್ಲೂ. ಬ್ಲೇಜರ್ ಇನ್ನೂ ಟ್ರಂಕಿನ್ಯಾಗ ಐತಿ, ನುಸಿ ಗುಳಿಗಿ ಹಾಕಿ ಇಟ್ಟಾಳ ನಮ್ಮವ್ವ. ಎದಿ ಕಿಸೆದ ಮ್ಯಾಲ ಬಂಗಾರದ ಬಣ್ಣದ ದಾರದಾಗ ಇಸವಿ ಹೊಲದಾರ. ನಮ್ಮ ಓಣ್ಯಾಗ ಇವತ್ತಿಗೂ ‘ಬ್ಲೂ ಆಗಿದ್ನಲ್ಲ, ಅಂವಾ’ ಅಂತ ನನ್ನ ಗುರ್ತಾ ಹೇಳ್ತಾರ.

ಮೇಷ್ಟ್ರು_ನಂಜನಗೂಡು
ಕಬಡ್ಡಿ ಸಾಹೇಬ್ರೇ, ಒಳ್ಳೇದನ್ನ ನೆನಪಿಸಿದ್ರಿ. ಆ ಪದ ಬಂದದ್ದು ಥೇಮ್ಸ್ ನದಿಯಿಂದ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನಡುವಿನ ದೋಣಿ ಪಂದ್ಯ ಶುರುವಾದದ್ದು 1829ರಲ್ಲಿ. 1836ರ ಎರಡನೇ ಪಂದ್ಯಕ್ಕೆ ಕೇಂಬ್ರಿಡ್ಜ್ ದೋಣಿಗೆ ತಿಳಿನೀಲಿ ರಿಬ್ಬನ್ ಕಟ್ಟಿದ್ರು. ಅಲ್ಲಿಂದ ಕೇಂಬ್ರಿಡ್ಜ್ ತಿಳಿನೀಲಿ, ಆಕ್ಸ್‌ಫರ್ಡ್ ಕಡುನೀಲಿ. ಒಬ್ಬರ ವಿರುದ್ಧ ಒಬ್ಬರು ಆಡಿದವರಿಗೆ ಸಿಗೋ ಮರ್ಯಾದೆಗೆ ‘ಬ್ಲೂ’ ಅಂತಲೇ ಹೆಸರಾಯ್ತು. ನಮ್ಮ ರಣಜಿ ಟ್ರೋಫಿಗೆ ಯಾರ ಹೆಸರಿದೆಯೋ ಆ ರಣಜಿತ್‌ಸಿಂಹಜಿ 1893ರಲ್ಲಿ ಕ್ರಿಕೆಟ್ಟಿಗೆ ಕೇಂಬ್ರಿಡ್ಜ್ ಬ್ಲೂ ಪಡೆದರು. ಆ ದೋಣಿಯ ರಿಬ್ಬನ್ನು ಧಾರವಾಡದ ಕಬಡ್ಡಿ ಅಂಕಣಕ್ಕೆ ಬಂದು ಮುಟ್ಟಿದೆ ನೋಡಿ, ಇದು ನನಗೆ ತುಂಬ ಇಷ್ಟ.

ಧಾರವಾಡ_ಕಬಡ್ಡಿ
ಹೌದ್ರಿ ಸರ, ಆದ್ರ ಒಂದು ಸಂಕಟ ಹೇಳ್ತೀನಿ ಕೇಳ್ರಿ. ಪರದೇಶದ ಕಂಪನಿಯೊಂದಕ್ಕ ಅರ್ಜಿ ಹಾಕಿದಾಗ ‘ಎರಡು ಬಾರಿ ಬ್ಲೂ’ ಅಂತ ಬರದಿದ್ದೆ. ಫೋನಿನ್ಯಾಗ ಮಾತಾಡ್ಸಿದ ಹೆಣಮಗಳು ‘ಇದು ಏನು, ಕಾಯಿಲೆಯಾ’ ಅಂತ ಕೇಳಿದಳು. ಅಮೆರಿಕದಾಕಿ. ಆಕಿಗೆ ಬ್ಲೂ ಅಂದ್ರ ಮನಸ್ಸು ಕುಗ್ಗೂದು ಅಷ್ಟ. ಮಣ್ಣಾಗ ಬಿದ್ದು, ಮೊಣಕಾಲು ಕಿತ್ಕೊಂಡು ಗಳಿಸಿದ್ದು, ಹಿಂಗ ಹೋತು.

ಶಿವು_ಮಂಡ್ಯ
ಹಾಗಾದ್ರೆ ನನ್ನ ಲೆಕ್ಕ ಕೇಳಿ. ಮೊದಲು ಬೇಸರ. ಬೇಸರಕ್ಕೆ ಕುಡಿತ. ಕುಡಿದ ಮೇಲೆ ಜಗಳ, ತಪ್ಪು, ಅಶ್ಲೀಲ ಮಾತು. ಎಲ್ಲಾ ಬ್ಲೂ ಒಂದೇ ಬೇರಿಂದ ಬಂದಿರೋದು.

ಮೇಷ್ಟ್ರು_ನಂಜನಗೂಡು
ಇಲ್ಲಪ್ಪ. ಓದೋಕೆ ಚಂದ, ಚರಿತ್ರೆ ಒಪ್ಪಲ್ಲ. ಕಂಬಳಿಗೂ ಬೇಸರಕ್ಕೂ ಎಲ್ಲಿಯ ಸಂಬಂಧ? ದೋಣಿಯ ರಿಬ್ಬನ್ನಿಗೂ ಕುಡಿತಕ್ಕೂ? ಬೇಸರದ ಬ್ಲೂ ನಿಜಕ್ಕೂ ಹಳೇದು. ಮನಸ್ಸನ್ನ ಕಾಡೋ, ಕುಡುಕರಿಗೆ ಕಾಣಿಸೋ ಪಿಶಾಚಿಗಳಿಗೆ ಹಿಂದಿನ ಕಾಲದ ಇಂಗ್ಲಿಷಿನಲ್ಲಿ ‘ಬ್ಲೂ ಡೆವಿಲ್ಸ್’ ಅಂತಿದ್ರು. ಪಿಶಾಚಿ ಉದುರಿ ‘ಬ್ಲೂಸ್’ ಉಳೀತು. ಅಮೆರಿಕದ ದಕ್ಷಿಣದಲ್ಲಿ, ಗುಲಾಮಗಿರಿಯ ನೋವು ಉಂಡ ಕಪ್ಪು ಜನರ ಹಾಡಿಗೆ ಅದೇ ಹೆಸರಾಯ್ತು. 1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಅನ್ನೋ ಸಂಗೀತಗಾರ ಅಂಥದ್ದೊಂದನ್ನ ಸ್ವರಲಿಪಿ ಹಾಕಿ ಅಚ್ಚು ಮಾಡಿಸಿದ ಮೇಲೆ ಜಗತ್ತಿಗೇ ಗೊತ್ತಾಯ್ತು.

ಬಣ್ಣ ಒಂದೇ. ಆದ್ರೆ ಒಂದೊಂದು ಅರ್ಥವೂ ಒಂದೊಂದು ಕಡೆ, ಒಂದೊಂದು ವಸ್ತುವಿಗೆ ಅಂಟಿಕೊಂಡು ಬಂದದ್ದು. ಎಲ್ಲವನ್ನೂ ಒಂದೇ ಹುರಿಗೆ ಹೊಸೆಯೋಕೆ ಹೋದ್ರೆ ಕಥೆ ಕಟ್ಟಿದ ಹಾಗಾಗುತ್ತೆ.

ಟ್ರೇಡರ್_ತುಮಕೂರು
ಬ್ಲೂ ಚಿಪ್ ಷೇರು ಮರೀಬೇಡಿ ಸ್ವಾಮಿ. ಪೋಕರ್ ಆಟದಲ್ಲಿ ಬಿಳಿ, ಕೆಂಪು, ನೀಲಿ ಬಿಲ್ಲೆ ಇರುತ್ತೆ, ನೀಲಿಗೇ ಹೆಚ್ಚು ಬೆಲೆ. ನಂಬಿಕಸ್ತ ಕಂಪನಿ ಅಂತ ನಾವು ಹೇಳೋ ಪದ ಹುಟ್ಟಿದ್ದು ಜೂಜುಕಟ್ಟೆಯಲ್ಲಿ!

ಸವಿತಾ_ಪುತ್ತೂರು
ಆದ್ರೆ ‘ನೀಲಿ ಚಿತ್ರ’ ಹೇಗೆ ಬಂತು ಅಂತ ಯಾರೂ ಹೇಳ್ಲಿಲ್ವಲ್ಲ. ಕನ್ನಡ ಪತ್ರಿಕೆಗಳಲ್ಲೇ ಬರೀತಾರೆ. ಆ ಸಿನಿಮಾಗಳ ರೀಲು ಅಗ್ಗದ್ದು, ತೆರೆ ಮೇಲೆ ನೀಲಿಯಾಗಿ ಕಾಣ್ತಿತ್ತು ಅಂತ ನಾನು ಕೇಳಿದ್ದೆ.

ಗಣಪ_ಶಿರಸಿ
ನಾನು ಕೇಳಿದ್ದು ಬೇರೆ. ಅಮೆರಿಕದಲ್ಲಿ ಭಾನುವಾರ ಹೆಂಡ ಮಾರಬಾರದು, ಆಟ ಆಡಬಾರದು ಅಂತ ‘ಬ್ಲೂ ಲಾ’ ಇತ್ತಲ್ಲ, ನೀಲಿ ಕಾಗದದ ಮೇಲೆ ಬರೆದದ್ದು. ಅಲ್ಲಿಂದ ಬಂತು.

ಮೇಷ್ಟ್ರು_ನಂಜನಗೂಡು
ಇಬ್ಬರದ್ದೂ ಸರಿಯಿಲ್ಲ, ಕ್ಷಮಿಸಿ.

ಸವಿತಾ ಅವರೇ, ಅಶ್ಲೀಲ ಅನ್ನೋ ಅರ್ಥದಲ್ಲಿ ಬ್ಲೂ 19ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ದುಡ್ಡು ತಗೊಂಡು ಸಿನಿಮಾ ತೋರಿಸಿದ್ದು 1895ರ ಡಿಸೆಂಬರಿನಲ್ಲಿ. ಮಾತು ಮೊದಲು, ರೀಲು ಆಮೇಲೆ. ಗಣಪ, ನೀಲಿ ಕಾಗದದ ಕಥೆಯೂ ಕಟ್ಟುಕಥೆ. 18ನೇ ಶತಮಾನದ ಇಂಗ್ಲಿಷಿನಲ್ಲಿ ಅತಿ ಮಡಿವಂತರನ್ನ ಹೀಗಳೆಯೋಕೆ ಬ್ಲೂ ಅಂತಿದ್ರು, ಕಾನೂನಿಗೂ ಅದೇ ಹತ್ತಿಕೊಂಡಿದೆ. ಮಡಿವಂತನೂ ಬ್ಲೂ, ಪೋಲಿ ಜೋಕೂ ಬ್ಲೂ! ಒಂದೇ ಪದ ಎರಡು ಎದುರಾಳಿಗಳಿಗೂ ಹೆಸರಾಗಿ ಕೂತಿದೆ.

ಸ್ಮಿತಾ_ಬರ್ಲಿನ್
ಪೋಲಿತನದ ಬಣ್ಣ ಎಲ್ಲಾ ಕಡೆ ನೀಲಿ ಅಲ್ಲ ರೀ. ಸ್ಪ್ಯಾನಿಷ್‌ನಲ್ಲಿ ಪೋಲಿ ಜೋಕು ‘ಹಸಿರು’, ಚಪಲದ ಮುದುಕನೂ ‘ಹಸಿರು ಮುದುಕ’. ಚೀನೀ ಭಾಷೆಯಲ್ಲಿ ಅಂಥ ಸಿನಿಮಾ ‘ಹಳದಿ’. ಜಪಾನಿನಲ್ಲಿ ‘ಪಿಂಕ್’. ನಾನಿರೋ ಜರ್ಮನಿಯಲ್ಲಿ ‘ಅವನು ನೀಲಿ’ ಅಂದ್ರೆ ಕಂಠಪೂರ್ತಿ ಕುಡಿದಿದ್ದಾನೆ ಅಂತ. ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ‘ನನ್ನ ಗಂಡ ನಿನ್ನೆ ನೀಲಿಯಾಗಿದ್ದ’ ಅಂದಾಗ ಪಾಪ ಬೇಜಾರಲ್ಲಿದ್ದಾನೆ ಅಂದ್ಕೊಂಡು ಚಿತ್ರಾನ್ನ ಮಾಡಿ ತಗೊಂಡು ಹೋಗಿದ್ದೆ. ಆಕೆ ತುಂಬಾ ಖುಷಿಪಟ್ಟಳು. ಇವತ್ತಿಗೂ ನಾವು ಗೆಳತಿಯರು.

ಶಾರದಕ್ಕ
ಚಿತ್ರಾನ್ನ ಎಲ್ಲ ಬಣ್ಣಕ್ಕೂ ಮದ್ದು ಕಣಮ್ಮ.

ನೀಲಿ_ಬಾವುಟ
ಇಷ್ಟು ಹೊತ್ತು ಓದ್ತಾ ಇದ್ದೆ. ಬ್ಲೂ ಅಂದ್ರೆ ಬೇಸರ, ಹೊಲಸು, ಜಗಳ... ನನಗೆ ನೀಲಿ ಅಂದ್ರೆ ಜೈ ಭೀಮ್. ಅಂಬೇಡ್ಕರ್ 1942ರಲ್ಲಿ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟ ನೀಲಿ. ಏಪ್ರಿಲ್ 14ರಂದು ನಮ್ಮ ಕೇರಿಯ ತುಂಬ ಅದೇ ಬಣ್ಣ, ಅಪ್ಪನ ಹೆಗಲ ಮೇಲೆ ನೀಲಿ ಶಾಲು. ಇಂಗ್ಲಿಷಿನ ಬ್ಲೂ ಕಲಿಯೋಣ, ಬೇಡ ಅನ್ನಲ್ಲ. ಆದ್ರೆ ನಮ್ಮ ನೆಲದಲ್ಲೇ ಈ ಬಣ್ಣಕ್ಕೊಂದು ಅರ್ಥ ಇದೆ, ಅದನ್ನ ಜನ ಬೆವರು ಸುರಿಸಿ ಕೊಟ್ಟಿದ್ದು. ಅದನ್ನ ಬಿಟ್ಟು ಮಾತು ಮುಗಿಸಬೇಡಿ.

ಮೇಷ್ಟ್ರು_ನಂಜನಗೂಡು
ನೀವು ಹೇಳಿದ್ದು ನ್ಯಾಯ. ನಾನೇ ಮೊದಲು ಬರೀಬೇಕಿತ್ತು.

ಟ್ರೇಡರ್_ತುಮಕೂರು
ರಾಜಕೀಯಕ್ಕೆ ಬಂದ್ರೆ ಇನ್ನೂ ಗೋಜಲು. ಬ್ರಿಟನ್ನಿನಲ್ಲಿ ನೀಲಿ ಅಂದ್ರೆ ಬಲಪಂಥದ ಕನ್ಸರ್ವೇಟಿವ್ ಪಕ್ಷ, ಅಮೆರಿಕದಲ್ಲಿ ಅದರ ಉಲ್ಟಾ, ಡೆಮಾಕ್ರಟ್. ಅಮೆರಿಕದ್ದು ಗಟ್ಟಿಯಾಗಿ ನಿಂತದ್ದು 2000ದ ಚುನಾವಣೆ ಆದ ಮೇಲೆ. ವಾರಗಟ್ಟಲೆ ಫಲಿತಾಂಶ ಬರಲಿಲ್ಲವಲ್ಲ, ಟಿವಿಯಲ್ಲಿ ಕೆಂಪು-ನೀಲಿ ನಕ್ಷೆ ನೋಡಿ ನೋಡಿ ಜನರ ಬಾಯಲ್ಲೂ ಕೂತುಬಿಡ್ತು.

ಶಿವು_ಮಂಡ್ಯ
ಅಲ್ಲಿ ಪೊಲೀಸರೂ ಬ್ಲೂ. ನಮ್ಮಲ್ಲಿ ಖಾಕಿ.

ಮೇಷ್ಟ್ರು_ನಂಜನಗೂಡು
ಅದಕ್ಕೂ ಕಾರಣ ಇದೆ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಶುರುವಾದದ್ದೂ 1829ರಲ್ಲೇ. ಸೈನ್ಯದ ಅಂಗಿ ಆಗ ಕೆಂಪು. ಪೊಲೀಸರನ್ನ ನೋಡಿದ್ರೆ ಸೈನಿಕರು ಬೀದಿಗೆ ಇಳಿದ ಹಾಗೆ ಅನಿಸಬಾರದು ಅಂತ ನೀಲಿ ಕೊಟ್ರು.

ಶಾರದಕ್ಕ
ನೀಲಿ ಅಂದ ತಕ್ಷಣ ನನಗೆ ಬಟ್ಟೆ ಒಗೆಯೋ ಕಲ್ಲು ನೆನಪಾಗೋದು. ಭಾನುವಾರ ನಮ್ಮಜ್ಜಿ ಹಿತ್ತಲಲ್ಲಿ ಹಿತ್ತಾಳೆ ಬಕೇಟಿಟ್ಟು, ನೀಲಿ ಪುಡೀನ ಹಳೇ ಬಟ್ಟೆ ಚೂರಲ್ಲಿ ಗಂಟು ಕಟ್ಟಿ ನೀರಲ್ಲಿ ಎರಡು ಸುತ್ತು ಆಡಿಸೋರು. ಬೆರಳ ಸಂದಿಯಿಂದ ನೀಲಿ ಎಳೆಎಳೆಯಾಗಿ ಇಳಿಯೋದು. ತಾತನ ಪಂಚೆ ಅದ್ದಿ, ತಕ್ಷಣ ಎತ್ತಿ ಹಿಂಡಬೇಕು. ಒಂದು ಗಳಿಗೆ ಹೆಚ್ಚಾದ್ರೆ ಕಲೆ ಕಲೆ. ಬಿಳೀ ಬಟ್ಟೆಗೆ ನೀಲಿ ಹಾಕಿದ್ರೆ ಅದು ಹೇಗೆ ಇನ್ನೂ ಬೆಳ್ಳಗಾಗುತ್ತೆ ಅಂತ ನಾನು ಕೇಳಿ ಕೇಳಿ ಬೈಸಿಕೊಂಡಿದ್ದೀನಿ.

ಸವಿತಾ_ಪುತ್ತೂರು
ಶಾರದಕ್ಕ, ಹಳೇ ಬಿಳಿ ಬಟ್ಟೆ ಹಳದಿಗೆ ತಿರುಗಿರ್ತದೆ. ನೀಲಿ ಆ ಹಳದಿಯನ್ನ ಕಣ್ಣಿಗೆ ಕಾಣದ ಹಾಗೆ ಮಾಡ್ತದೆ, ಅಷ್ಟೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸೋದು, ಈ ಪಾಠಕ್ಕೆ ನಿಮ್ಮಜ್ಜಿಯ ಬಕೇಟನ್ನೇ ಉದಾಹರಣೆ ಕೊಡ್ತೇನೆ ಇನ್ನು ಮೇಲೆ.

ಮತ್ತೆ ನಮ್ಮ ‘ನೀಲ’ ಪದ ಎಷ್ಟು ದೂರ ಹೋಗಿದೆ ಗೊತ್ತಾ? ಸಂಸ್ಕೃತದಿಂದ ಪರ್ಷಿಯನ್, ಅರಬಿಯಲ್ಲಿ ‘ಅನ್-ನೀಲ್’, ಪೋರ್ಚುಗೀಸಿನಲ್ಲಿ ‘ಅನಿಲ್’. ನೀಲಿ ಬಣ್ಣವನ್ನ ಭಟ್ಟಿ ಇಳಿಸಿದಾಗ ಸಿಕ್ಕ ರಾಸಾಯನಿಕಕ್ಕೆ ‘ಅನಿಲೀನ್’. ನೀಲಿ ಗಿಡದ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಇಂಡಿಗೊ ಅನ್ನೋದಕ್ಕೂ ‘ಇಂಡಿಯಾದ್ದು’ ಅಂತಲೇ ಅರ್ಥ. ಯುರೋಪಿಗೆ ಈ ಬಣ್ಣ ಒದಗಿಸೋಕೆ ಬಂಗಾಳದ ರೈತರು ಪಟ್ಟ ಪಾಡು, 1859ರ ದಂಗೆ, 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಎಲ್ಲ ಶಾಲೆಯಲ್ಲಿ ಓದಿದ್ದೇವೆ. ಜರ್ಮನಿಯ ಬಿಎಎಸ್ಎಫ್ ಕಂಪನಿ 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದ ಕಾರ್ಮಿಕರು ಕೊಳೆ ಕಾಣದ ನೀಲಿ ಅಂಗಿ ಹಾಕ್ತಿದ್ರು, ಹಾಗಾಗಿ ಅವರು ‘ಬ್ಲೂ ಕಾಲರ್’. ಮಂಜು, ನೀವು ಮಾಡ್ತಿರೋದೂ ಬ್ಲೂ ಕಾಲರ್ ಕೆಲಸವೇ ಅಲ್ವಾ?

ಮಂಜು_ಮೆಲ್ಬರ್ನ್
ಹೌದು ಮೇಡಂ, ಆದ್ರೆ ಇಲ್ಲಿ ನಮಗೆ ಕೊಡೋ ಜಾಕೆಟ್ಟು ಕಣ್ಣು ಕುಕ್ಕೋ ಹಳದಿ. ಇಷ್ಟೆಲ್ಲ ಬರೀತೀರಿ ಅಂತ ಅಂದ್ಕೊಂಡೇ ಇರಲಿಲ್ಲ, ಪ್ರತಿಯೊಂದನ್ನೂ ಓದ್ತಿದ್ದೀನಿ. ಕರೆಯೋ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಪಂಚಾಂಗ_ಪ್ರೇಮಿ
‘ಬ್ಲೂ ಮೂನ್’ ಬಿಟ್ಟೇಬಿಟ್ರಿ! ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದ್ರೆ ಎರಡನೆಯದು ಬ್ಲೂ ಮೂನ್ ಅಂತ ಟಿವಿಯವರು ಪ್ರತಿ ಸಲ ಹೇಳ್ತಾರೆ. ಆ ಅರ್ಥ ಹುಟ್ಟಿದ್ದೇ ಒಂದು ತಪ್ಪಿನಿಂದ. ಅಮೆರಿಕದ ಮೇನ್ ರಾಜ್ಯದ ರೈತರ ಪಂಚಾಂಗವೊಂದರಲ್ಲಿ, ಮೂರು ತಿಂಗಳ ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದ್ರೆ ಮೂರನೆಯದನ್ನ ಬ್ಲೂ ಮೂನ್ ಅಂತಿದ್ರು. 1946ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಗೆ ಬರೆದ ಜೇಮ್ಸ್ ಹ್ಯೂ ಪ್ರೂಯೆಟ್ ಅದನ್ನ ತಪ್ಪಾಗಿ ಓದಿಕೊಂಡು ‘ತಿಂಗಳಿಗೆ ಎರಡು’ ಅಂದ್ರು. 1999ರಲ್ಲಿ ಪತ್ರಿಕೆಯೇ ತಪ್ಪು ಒಪ್ಪಿಕೊಂಡಿತು. ಅಷ್ಟರಲ್ಲಿ ಜಗತ್ತು ತಪ್ಪನ್ನೇ ನಿಜ ಮಾಡ್ಕೊಂಡಿತ್ತು.

ಇದು ನಮಗೇನೂ ಹೊಸದಲ್ಲ. 19 ವರ್ಷಕ್ಕೆ 235 ಚಾಂದ್ರಮಾಸ. ಹನ್ನೆರಡರಂತೆ ಲೆಕ್ಕ ಹಾಕಿದ್ರೆ 228, ಮಿಕ್ಕದ್ದು 7. ಆ ಏಳೇ ನಮ್ಮ ಅಧಿಕ ಮಾಸ, ಅವರ ಹೆಚ್ಚುವರಿ ಹುಣ್ಣಿಮೆಯೂ ಅದೇ ಏಳು. 2023ರಲ್ಲಿ ಅಧಿಕ ಶ್ರಾವಣ ಬಂತು, ಅದೇ ಆಗಸ್ಟಿನಲ್ಲಿ ಎರಡು ಹುಣ್ಣಿಮೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ, ಹುಣ್ಣಿಮೆ ಮೇ 1ಕ್ಕೆ ಒಂದು, 31ಕ್ಕೆ ಒಂದು. ಅಳಿಯನಿಗೆ ಬಾಗಿನ ಕೊಡೋರು ಬ್ಲೂ ಮೂನ್ ನೋಡ್ಕೊಂಡೇ ಕೊಡಬಹುದು.

ಗಣಪ_ಶಿರಸಿ
ಅಧಿಕ ಮಾಸ ಅಂದ್ರೆ ಬ್ಲೂ ಮೂನ್! ಅಪ್ಪನಿಗೆ ಇವತ್ತೇ ಹೇಳ್ತೆ.

ರಂಗನಾಥ_ಸಿಡ್ನಿ
ಮಂಜು, ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರೆ ಇದರಲ್ಲಿ ನಾನೂ ನೊಂದಿದ್ದೀನಿ.

ಇಲ್ಲಿಗೆ ಬಂದ ಮೊದಲ ದಿನ ಕಚೇರಿಯಲ್ಲಿ ‘ರಂಗ ಅಂತ ಕರೀರಿ’ ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಮೂಲೆಯಲ್ಲಿ ಕೂತಿದ್ದ ಕೆಂಗೂದಲಿನ ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಗೊತ್ತಾಯ್ತು, ಆಸ್ಟ್ರೇಲಿಯಾದಲ್ಲಿ ‘ರಂಗ’ ಅಂದ್ರೆ ಕೆಂಗೂದಲಿನವರನ್ನ ಹಂಗಿಸೋ ಮಾತು. ಒರಾಂಗುಟಾನ್ ಅನ್ನೋ ಕೆಂಗೂದಲಿನ ವಾನರದ ಹೆಸರನ್ನ ಮೊಟಕು ಮಾಡಿದ್ದು. 2010ರಿಂದ 2013ರವರೆಗೆ ಪ್ರಧಾನಿಯಾಗಿದ್ದ ಜೂಲಿಯಾ ಗಿಲಾರ್ಡ್ ಅವರನ್ನೂ ಜನ ಬಿಡಲಿಲ್ಲ. ಶ್ರೀರಂಗಪಟ್ಟಣದ ದೇವರ ಹೆಸರು, ಇಲ್ಲಿ ವಾನರದ ಹೆಸರು. ಒಂದು ವರ್ಷ ನಾನು ಕಚೇರಿಯಲ್ಲಿ ‘ನಾಥ್’ ಆಗಿದ್ದೆ. ಅಮ್ಮ ಫೋನಲ್ಲಿ ‘ರಂಗಾ, ಊಟ ಆಯ್ತೇನೋ’ ಅಂದಾಗ ಮಾತ್ರ ನನ್ನ ಹೆಸರು ನನಗೆ ವಾಪಸ್ಸು ಬರ್ತಿತ್ತು.

ಬ್ಲೂ ಹಾಗಲ್ಲ. ಅದು ಜೊತೆಗೆ ದುಡಿಯೋರು ಪ್ರೀತಿಯಿಂದ ಕೊಡೋ ಹೆಸರು, ಹಳೇ ಕಾಲದ್ದು. ಆದರೂ ನೀವಾಗೇ ಶುರು ಮಾಡಬೇಡಿ. ಅವರ ಬಾಯಿಂದ ಬರಲಿ. ಮತ್ತೆ ಯಾರಿಗೂ, ಯಾವತ್ತೂ ಆ ಇನ್ನೊಂದು ಪದ ಅನ್ನಬೇಡಿ, ಪಕ್ಕದವರು ನಗ್ತಾ ಅಂದ್ರೂ ಸಹ.

ಕುಮಾರ_ಚನ್ನಪಟ್ಟಣ
ರಂಗಣ್ಣ ಬರೆದದ್ದು ಓದಿ ಸುಮ್ಮನಿರೋಕಾಗಲಿಲ್ಲ. ನಮ್ಮ ತಾತನ ಹೆಸರು ಕರಿಯಪ್ಪ. ಊರಿಗೆ ಊರೇ ಎದ್ದು ನಿಲ್ಲೋದು. ಅದೇ ಹೈಸ್ಕೂಲಲ್ಲಿ ನನ್ನನ್ನ ‘ಕರಿಯ’ ಅಂತಿದ್ರು. ಹಾಜರಿ ಕೂಗೋವಾಗ ಮೇಷ್ಟ್ರೊಬ್ಬರು ಸಹ ಅಂದಿದ್ರು, ಇಡೀ ತರಗತಿ ನಕ್ಕಿತ್ತು. ಕೆಂಪಯ್ಯ, ಕೆಂಚಪ್ಪ, ಬಿಳಿಯಪ್ಪ, ನೀಲಮ್ಮ ಅಂತ ಬಣ್ಣದಲ್ಲೇ ಹೆಸರಿಡೋ ಜನ ನಾವು. ಬಣ್ಣದಲ್ಲಿ ತಪ್ಪಿಲ್ಲ. ಕೂಗೋನ ದನಿಯಲ್ಲಿ ಏನಿದೆ ಅನ್ನೋದು ಕೂಗಿಸಿಕೊಂಡೋನಿಗೆ ತಕ್ಷಣ ಗೊತ್ತಾಗುತ್ತೆ.

ಶಿವು_ಮಂಡ್ಯ
ಕುಮಾರಣ್ಣ, ನಾನೂ ಶಾಲೇಲಿ ಒಬ್ಬನನ್ನ ಹಾಗೆ ಕರೆದಿದ್ದೀನಿ. ಈಗ ಓದಿ ಹೊಟ್ಟೆ ತೊಳಸ್ತಿದೆ. ಅವನ ನಂಬರ್ ಇದೆ, ಮಾಡ್ತೀನಿ.

ಸ್ಮಿತಾ_ಬರ್ಲಿನ್
ಮಾಡಿ ಶಿವು. ಇವತ್ತೇ ಮಾಡಿ.

ಮಂಜು_ಮೆಲ್ಬರ್ನ್
ಎರಡು ದಿನ ಬರೋಕಾಗಲಿಲ್ಲ. ಇವತ್ತು ಬೆಳಗ್ಗೆ ನಾಲ್ಕನೇ ಬಾಗಿಲಲ್ಲಿ ನಾವಿಬ್ಬರೇ ಇದ್ವಿ, ಲಾರಿ ತಡ. ಫ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ಟೆ, ಶುಂಠಿ ಹಾಕಿದ್ದು. ಧೈರ್ಯ ಮಾಡಿ ‘ನಿಮ್ಮನ್ನ ಏನಂತ ಕರೀಲಿ’ ಅಂತ ಕೇಳಿದೆ. ‘ಬ್ಲೂ ಅನ್ನು. ಇನ್ನೊಂದು ಹೆಸರು ಬ್ಯಾಂಕಿನವರಿಗೆ ಮತ್ತೆ ನಮ್ಮಮ್ಮನಿಗೆ’ ಅಂದ್ರು. ಹದಿನೈದನೇ ವಯಸ್ಸಲ್ಲಿ ಉಣ್ಣೆ ಕತ್ತರಿಸೋ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿನ ಹಿರಿಯನೊಬ್ಬ ಇಟ್ಟ ಹೆಸರಂತೆ. ಶಾಲೆಯಲ್ಲಿ ಅವರಿಗೂ ಬೇರೆ ಏನೇನೋ ಹೆಸರಿದ್ವು, ಅದನ್ನ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆಮೇಲೆ ‘ನಿನ್ನನ್ನ ಮನೇಲಿ ಏನಂತಾರೆ’ ಅಂದ್ರು. ‘ಮಂಜ’ ಅಂದೆ. ಏಳು ತಿಂಗಳಿಂದ ಇಲ್ಲಿ ನಾನು ‘ಮ್ಯಾನ್’ ಆಗಿದ್ದೆ. ನಾಲ್ಕೈದು ಸಲ ಹೇಳಿ ನೋಡಿ, ‘ಜ’ ಸರಿಯಾಗಿ ಬರೋ ತನಕ ಬಿಡಲಿಲ್ಲ ಅವರು. ಪಾಳಿ ಮುಗಿಸಿ ಹೊರಡೋವಾಗ ನಾಳೆಯ ಬೋರ್ಡು ನೋಡಿದೆ. ‘ಬಾಗಿಲು 4: ಬ್ಲೂ, ಮಂಜ.’

ಧಾರವಾಡ_ಕಬಡ್ಡಿ
ಆ ಬೋರ್ಡಿಂದ ಒಂದು ಫೋಟೋ ಹೊಡದು ಹಾಕ್ರಿ ಮಂಜಣ್ಣ. ನಾ ಬ್ಲೇಜರ್‌ದು ಹಾಕ್ತೀನಿ, ನಮ್ಮವ್ವ ಈಗ ಬಿಸಲಿಗೆ ಹಾಕ್ಯಾಳ.